ಬದುಕಿದ್ದವನಿಗೊಂದು ಎಡೆ

ಬೆಳ್ಳುಳ್ಳಿ ಸುಲಿಯುತ್ತಾ ಚಿನ್ನಪ್ಪ ತನ್ನ ತಿಥಿಯೂಟದಲ್ಲಿ ಏನೇನಿರಬೇಕೆಂದು ಹೇಳುತ್ತಿದ್ದ. ಕೈಮ ಉಂಡೆ, ಹುರಿದ ಲಿವರ್, ನಲ್ಲಿಮೂಳೆ ಸಾರು, ಬಿಸಿ ಮುದ್ದೆ. ಕೊನೆಗೆ ಒಂದು ಕಟ್ಟು ಬೀಡಿ.

"ಉಪ್ಪು ಸರಿಯಾಗಿ ಹಾಕು. ಸತ್ತೋನಿಗೆ ಬಿಪಿ ಇರಕಿಲ್ಲ."

ಹೆಂಡತಿ ಅನುಸೂಯಮ್ಮ ಮೂಗಿಗೆ ಸೆರಗು ಅಡ್ಡ ಹಿಡಿದು ಸೌಟು ತಿರುವಿದಳು. "ಬದುಕಿರೋ ಬಾಯಲ್ಲಿ ಇಂಥ ಮಾತು ಆಡ್ಬ್ಯಾಡಿ ಅಂದಿಲ್ವಾ?"

ಸಿಂಗಸಂದ್ರದ ಹಳೇ ಒಕ್ಕಲು ಚಿನ್ನಪ್ಪ ಫ್ಯಾಕ್ಟರಿಗಳ ಬೋರ್ಡು ಬರೆದು, ಸತ್ತವರ ಪಟ ಬರೆದು ಜೀವನ ಮಾಡಿದವನು. ಹೋದ ವರ್ಷ ಆಪರೇಷನ್ ಟೇಬಲ್ಲಿನ ಮೇಲೆ ಅವನ ಎದೆಬಡಿತ ನಿಂತೇ ಹೋಗಿತ್ತು. ಡಾಕ್ಟರು ಗುದ್ದಿ ಎಬ್ಬಿಸಿದರು. ಮನೆಗೆ ಬಂದವನು ಅಲ್ಲಿಂದಾಚೆಗೆ ಬರೆದದ್ದೆಲ್ಲಾ ತನ್ನ ಸಾವನ್ನೇ. ಚಟ್ಟದ ಮೇಲೆ ಚಿನ್ನಪ್ಪ, ಗುಂಡಿಯಲ್ಲಿ ಚಿನ್ನಪ್ಪ, ಹಾಲುತುಪ್ಪದ ದಿನ ಕಾಗೆಗೆ ಕಾಯುವ ಚಿನ್ನಪ್ಪ. ವೈಟ್‌ಫೀಲ್ಡಿನಲ್ಲಿ ಚಿತ್ರಪ್ರದರ್ಶನ ನಡೆಸುವ ಶಶಿಕಲಾ ಮೇಡಂ ಆ ಚಿತ್ರಗಳನ್ನು ನೋಡಿ ಕಣ್ಣು ಒರೆಸಿಕೊಂಡರು. "ಬೇರೆಯೋರು ಸಾವನ್ನ ಓದ್ಕೊಂಡು ಬರೀತಾರೆ ಸಾರ್. ನೀವು ಹೋಗಿ ನೋಡ್ಕೊಂಡು ಬಂದಿದ್ದೀರಿ."

ನೋಡಿಕೊಂಡು ಬಂದವನಿಗೆ ಮನೆಯಲ್ಲಿ ಸಿಕ್ಕಿದ್ದು ಉಪ್ಪಿಲ್ಲದ ಸೊಪ್ಪು. ಬಾಡಿನ ವಾಸನೆಯೂ ಕೂಡದೆಂದು ಡಾಕ್ಟರ ಅಪ್ಪಣೆ. ಅನುಸೂಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ನೆಂಟರೆದುರಿಗೇ ಮುನೇಶ್ವರನಿಗೆ ಹರಕೆ ಹೊತ್ತಿದ್ದಳು: ಯಜಮಾನರು ಬಾಡು ತಿನ್ನೋವರೆಗೂ ನಾನೂ ಮುಟ್ಟಲ್ಲ. ಊರೆಲ್ಲಾ ಹೊಗಳಿತು. ಚಿನ್ನಪ್ಪನ ಬಾಯಿ ಅಲ್ಲಿಗೆ ಕಟ್ಟಿಹೋಯಿತು.

ಆಗ ಹೊಳೆದದ್ದು ಈ ಎಡೆ. ತನ್ನದೇ ಪಟಕ್ಕೆ ಹಾರ ಹಾಕಿ, ಮುಂದೆ ಎಲೆ ಹಾಸಿ, ತನಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು. ಹಿರಿಯರ ಹಬ್ಬದಲ್ಲಿ ಮಾಡುವ ಹಾಗೆ ಬಾಗಿಲು ಮುಚ್ಚಿ, ಸತ್ತವರು ಬಂದು ಉಂಡುಹೋಗಲೆಂದು ಎಲ್ಲರೂ ಆಚೆ ಬರುವುದು. ಶಶಿಕಲಾ ಮೇಡಂ ಇದನ್ನು ಕೇಳಿ ಪ್ರದರ್ಶನಕ್ಕೆ ಇದೇ ಬೇಕೆಂದರು. ಚಿನ್ನಪ್ಪ ಬೇರೇನನ್ನೋ ಯೋಚಿಸುತ್ತಿದ್ದ. ಎಡೆ ಇಡಬೇಕೆಂದಿದ್ದ ಹಳೇ ಕೊಟ್ಟಿಗೆಗೆ ಹಿಂದುಗಡೆ ಒಂದು ಕಿಟಕಿಯಿತ್ತು. ಬಾಗಿಲು ಮುಚ್ಚಿರುವಾಗ ಒಂದು ಕೈ ಒಳಕ್ಕೆ ಹೋದರೆ ಕಲೆಗೇನು ನಷ್ಟ?

ಅಭ್ಯಾಸಕ್ಕೆಂದು ಭಾನುವಾರ ಭಾನುವಾರ ಎಡೆ ಇಡುವುದು ಶುರುವಾಯಿತು.

"ಯಾರ ಎಡೆನೋ ಅವ್ರು ಬಾಗಲ ತಾವ ಇರಬಾರ್ದು," ಅಂದಳು ಅನುಸೂಯಮ್ಮ. "ನೀವು ಅರಳಿಕಟ್ಟೆ ತಾವ ಕೂತ್ಕೊಳಿ. ನಾನಿಲ್ಲಿ ಕಾಯ್ತೀನಿ."

ಚಿನ್ನಪ್ಪ ಅರಳಿಕಟ್ಟೆಯ ಕಡೆ ಹೊರಟಂತೆ ಮಾಡಿ, ಪೀಜಿ ಹಾಸ್ಟೆಲ್ಲನ್ನು ಸುತ್ತಿ, ನೀರಿನ ಟ್ಯಾಂಕರಿಗೆ ದಾರಿ ಬಿಟ್ಟು, ಹಿಂದಿನ ಓಣಿಗೆ ಬಂದ. ಕಿಟಕಿಯ ತಗಡು ಸರಿಸಿದ. ಎಲೆ ಬರಿದಾಗಿತ್ತು. ಕೈಮ ಇಲ್ಲ, ಲಿವರ್ ಇಲ್ಲ. ನಲ್ಲಿಮೂಳೆಯನ್ನು ಯಾರೋ ತಟ್ಟಿ ತಟ್ಟಿ ಚೆನ್ನಾಗಿ ಚೀಪಿಟ್ಟಿದ್ದರು. ಬೀಡಿಕಟ್ಟು ಮಾತ್ರ ಹಾಗೇ ಇತ್ತು.

ನಾಯಿ ಮೂಳೆ ಬಿಡುವುದಿಲ್ಲ. ಬೆಕ್ಕು ಮುದ್ದೆ ಮುಟ್ಟುವುದಿಲ್ಲ. ಓಣಿಯಲ್ಲಿ ಬಾಡಿಗೆಗಿದ್ದ ಗಾರೆ ಕೆಲಸದ ಬಸಲಿಂಗನ ಮೇಲೆ ಚಿನ್ನಪ್ಪನ ಅನುಮಾನ ಹೋಯಿತು. ಬಸಲಿಂಗ ಅಂಗಿಯೊಳಗಿಂದ ಲಿಂಗ ಎತ್ತಿ ತೋರಿಸಿದ.

"ಲಿಂಗ ಕಟ್ಟಿದಾವ್ರೀ ನಾ. ನಿಮ್ಮ ವಾಸನಿಗೆ ಐತಾರ ಬಂತಂದ್ರ ಖೋಲ್ಯಾಗ ಕುಂಡ್ರಾಕೂ ಆಗವಲ್ದು. ಮ್ಯಾಲ ನನಗ ಕೇಳ್ತೀರಲ್ರೀ ಅಣ್ಣಾರ."

ಮುಂದಿನ ಭಾನುವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಚಿನ್ನಪ್ಪ ಓಡಿಯೇ ಬಂದ. ಆಗಲೂ ಎಲೆ ಬರಿದು. ಹಾರ ಹಾಕಿಸಿಕೊಂಡ ತನ್ನ ಪಟ ತೃಪ್ತಿಯಾಗಿ ಉಂಡವನ ಹಾಗೆ ನಗುತ್ತಿತ್ತು. ಚಿನ್ನಪ್ಪ ತಗಡು ಮುಚ್ಚಿ ಹಿಂದೆ ಸರಿದ. ಹಿರಿಯರು ಹೇಳುತ್ತಿದ್ದರು: ಯಾರ ಎಡೆ ಮುಟ್ಟಿತೋ ಅವರು ಆ ಕಡೆಯವರ ಲೆಕ್ಕಕ್ಕೆ ಸೇರಿದರೆಂದೇ ಅರ್ಥ.

"ನಿಜ ಹೇಳು. ಯಾರಾದ್ರೂ ಒಳಕ್ಕೆ ಹೋದ್ರಾ?"

"ಬಾಗಲಲ್ಲೇ ಇದ್ನಲ್ಲ. ನನ್ನ ಕಣ್ಣು ತಪ್ಪಿಸಿ ಒಂದು ನರಪಿಳ್ಳೆ ಒಳಕ್ಕೆ ಹೋಗಿಲ್ಲ."

"ಬೀಡಿ ಯಾಕೆ ಮುಟ್ಟಿಲ್ಲ ಮತ್ತೆ?"

"ಸತ್ತ ಮ್ಯಾಲಾದ್ರೂ ಆ ಚಟ ಬಿಟ್ರಲ್ಲ ಅಂತ ಸಂತೋಸ ಪಡಿ."

ಆ ರಾತ್ರಿ ಅವಳು ಮುದ್ದೆ ಮುರಿಯಲಿಲ್ಲ. ಹಸಿವಿಲ್ಲ ಅಂದಳು. ತನ್ನ ಚಿಂತೆಯಲ್ಲಿ ಹೆಂಡತಿ ಸೊರಗುತ್ತಿದ್ದಾಳೆಂದು ಚಿನ್ನಪ್ಪನಿಗೆ ಕರುಳು ಹಿಂಡಿತು.

ಇತ್ತ ಶಶಿಕಲಾ ಮೇಡಂದು ಫೋನಿನ ಮೇಲೆ ಫೋನು. ವೈಟ್‌ಫೀಲ್ಡಿನಲ್ಲಿ ತಿಂಗಳು ಪೂರ್ತಿ ಪ್ರದರ್ಶನ, ದಿನವೂ ಹೊಸ ಎಡೆ. ಅಡುಗೆಗೂ ಬಾಗಿಲು ಕಾಯುವುದಕ್ಕೂ ಮನೆಯವರೇ ಬರಬೇಕು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಿ ಸಾರ್. ಬರೆದಿಟ್ಟ ಕಾಗದಕ್ಕೆ ಸಹಿ ಹಾಕಲು ಚಿನ್ನಪ್ಪನ ಕೈ ಏಳದೆ ವಾರಗಳೇ ಕಳೆದಿದ್ದವು. ಜೀವಮಾನವೆಲ್ಲ ಬೋರ್ಡು ಬರೆದವನಿಗೆ ಗೋಡೆಯ ಮೇಲೆ ತನ್ನ ಹೆಸರು ನೋಡುವ ಆಸೆ. ಆದರೆ ಜೀವವೂ ಬೇಕು.

ಅದರ ಮುಂದಿನ ಭಾನುವಾರ ಎಡೆ ಮತ್ತೆ ಖಾಲಿಯಾದದ್ದನ್ನು ನೋಡಿ ಬಂದವನೇ ಕಾಗದ ಕೈಗೆತ್ತಿಕೊಂಡ. "ಇದನ್ನ ಹರಿದಾಕ್ತೀನಿ. ಬಂದು ಉಣ್ತಿರೋದು ನನ್ನ ಸಾವು ಕಣೇ. ತಿಂಗಳು ಪೂರ್ತಿ ಇಕ್ಕಿದ್ರೆ ರುಚಿ ಹತ್ತಿ ನನ್ನೂ ಎಳ್ಕೊಂಡೋಯ್ತದೆ."

ಎಲೆಅಡಿಕೆ ಮೆಲ್ಲುತ್ತಿದ್ದ ಅನುಸೂಯಮ್ಮ ಸಾವಕಾಶವಾಗಿ ಹೇಳಿದಳು: "ಒಸಿ ಯೋಚ್ನೆ ಮಾಡಿ. ಹೊಟ್ಟೆ ತುಂಬ ಉಂಡೋರು ಸುಮ್ಕೆ ವಾಪಸ್ ಹೋಗ್ತಾವ್ರೆ. ನಿಮ್ಮನ್ನ ಮುಟ್ಟಿದ್ರಾ? ಇಕ್ಕೋದು ನಿಲ್ಲಿಸಿದ ದಿನ ಬರಿಗೈಲಿ ಹೋಗ್ತಾರಾ?"

ಚಿನ್ನಪ್ಪ ಕಾಗದ ಕೆಳಗಿಟ್ಟ. ಯೋಚಿಸಿದ. ಮಾತು ಸರಿಯಾಗಿಯೇ ಇತ್ತು.

"ಅಲ್ಲೂ ಬಾಗಲು ನೀನೇ ಕಾಯ್ತೀಯಾ?"

"ನಾನಲ್ದೆ ಇನ್ಯಾರು ಕಾಯ್ತಾರೆ?"

ಅವನು ಕಣ್ಣು ಮುಚ್ಚಿ ಸಹಿ ಹಾಕಿದ. ಅವನ ಮನಸ್ಸು ಬದಲಾಗುವ ಮೊದಲೇ ಅನುಸೂಯಮ್ಮ ಸೆರಗು ಹೊದ್ದು ಹೊಸೂರು ರಸ್ತೆಯ ಅಂಚೆ ಡಬ್ಬಿಯ ಕಡೆ ಬಿರಬಿರನೆ ನಡೆದಳು.

ಕಾಗದ ಡಬ್ಬಿಯ ತಳ ಮುಟ್ಟಿದ ಸದ್ದು ಕೇಳಿಸಿದ ಮೇಲೆ, ಅತ್ತಿತ್ತ ನೋಡಿ, ಮಧ್ಯಾಹ್ನದಿಂದ ದವಡೆಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಾಡಿನ ಎಳೆಯನ್ನು ಕಿರುಬೆರಳಿನಲ್ಲಿ ಬಿಡಿಸಿ ನುಂಗಿಕೊಂಡಳು.