ಕೋಲ್‌ಗ್ರೇವ್‌ನ ಒಂದು ರನ್

"ನಾಲಿಗೆ ಚಾಚು," ಎಂದರು ಮೇಟ್ರನ್.

ಕೋಲ್‌ಗ್ರೇವ್ ಚಾಚಿದ. ಆರೈಕೆ ಕೋಣೆಯ ಕಬ್ಬಿಣದ ಮಂಚದ ಮೇಲೆ ಕುಳಿತು, ಮುಖವನ್ನು ಆದಷ್ಟು ಬಾಡಿಸಿಕೊಂಡಿದ್ದ. ಕೆಮ್ಮು, ಜ್ವರ, ಹರಿದ ಕಾಲುಚೀಲ, ಮನೆಯ ನೆನಪಿನ ಅಳು, ಈ ಶಾಲೆಯಲ್ಲಿ ಎಲ್ಲಕ್ಕೂ ಮೇಟ್ರನ್ ಒಬ್ಬರೇ ಗತಿ. ಆಟದಿಂದ ತಪ್ಪಿಸಿಕೊಳ್ಳಬೇಕೆಂದರೂ ಅವರೇ ಒಪ್ಪಬೇಕು.

"ನೋವು ಎಲ್ಲಿ?"

"ಇಲ್ಲಿ." ಅವನು ಸ್ವಲ್ಪ ಯೋಚಿಸಿದ. "ಇಲ್ಲೂ."

"ಊಟದಲ್ಲಿ ಪುಡ್ಡಿಂಗ್ ಎರಡು ಸಲ ಹಾಕಿಸ್ಕೊಂಡೆಯಂತೆ?"

"ನೋವು ಅದಕ್ಕೂ ಮೊದಲೇ ಇತ್ತು, ಮೇಟ್ರನ್."

"ಪಾಪ, ನೋವಲ್ಲೇ ತಿಂದೆಯಾ?" ಮೇಟ್ರನ್ ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸಿಕೊಂಡರು. "ಪ್ರತಿ ಬೇಸಗೆ, ಇದೇ ಪಂದ್ಯದ ದಿನ, ನಿನಗೆ ಇದೇ ಹೊಟ್ಟೆನೋವು. ನಾನೇನು ನಿನ್ನ ಇವತ್ತು ನೋಡ್ತಿದೀನಾ? ಒಂದು ಚಮಚ ಹರಳೆಣ್ಣೆ ಕುಡಿತೀಯೋ, ಬ್ಯಾಟ್ ಹಿಡ್ಕೊಂಡು ಹೋಗ್ತೀಯೋ?"

ಕೋಲ್‌ಗ್ರೇವ್ ಮಂಚದಿಂದ ಇಳಿದ.

ಬಾಗಿಲ ಹೊರಗೆ ಥ್ರಿಪ್ ಕಾಯುತ್ತಿದ್ದ. ಈ ಶಾಲೆಯಲ್ಲಿ ತಾಯಿತಂದೆ ಇಟ್ಟ ಹೆಸರು ಗೇಟಿನ ಹೊರಗೇ ಉಳಿಯುತ್ತದೆ. ಒಳಗೆ ಎಲ್ಲರೂ ಒಬ್ಬರನ್ನೊಬ್ಬರು ಕರೆಯುವುದು ಮನೆತನದ ಹೆಸರಿನಿಂದಲೇ. ಥ್ರಿಪ್ ಮತ್ತು ಕೋಲ್‌ಗ್ರೇವ್ ಮೊದಲ ದಿನದಿಂದಲೂ ಜೊತೆಗಾರರು.

"ಏನಂದ್ರೋ?"

"ಹರಳೆಣ್ಣೆ ಅಂದ್ರು."

"ಹಾಗಾದ್ರೆ ಸ್ಟ್ರೌಡೇ ವಾಸಿ."

ಸ್ಟ್ರೌಡ್ ಹೆಸರು ಕೇಳಿದ್ದೇ ಕೋಲ್‌ಗ್ರೇವ್ ಆರೈಕೆ ಕೋಣೆಯ ಬಾಗಿಲತ್ತ ತಿರುಗಿ ನೋಡಿದ. ಸ್ಟ್ರೌಡ್‌ನ ಚೆಂಡಿಗೆ ಇಡೀ ಜಿಲ್ಲೆಯೇ ಹೆದರುತ್ತಿತ್ತು. ಕಳೆದ ವಾರ ಪಕ್ಕದ ಊರಿನ ಶಾಲೆಯ ತಂಡ ಎಲ್ಲರೂ ಔಟಾಗಿ ಚಹಾದ ಹೊತ್ತಿಗಿಂತ ಮೊದಲೇ ಮನೆಗೆ ಹೊರಟಿತ್ತು. ಅವರಲ್ಲೊಬ್ಬ ಕುಂಟುತ್ತಾ ಬಸ್ಸು ಹತ್ತಿದ್ದನ್ನು ಕೋಲ್‌ಗ್ರೇವ್ ಕಣ್ಣಾರೆ ನೋಡಿದ್ದ.

"ಮಳೆ ಬರಲಿ ಅಂತ ಬೇಡ್ಕೋತೀನಿ ಅಂದಿದ್ದೆ ನೀನು," ಎಂದ ಕೋಲ್‌ಗ್ರೇವ್.

"ಬೆಳಿಗ್ಗೆ ಚಾಪೆಲ್‌ನಲ್ಲಿ ಕೇಳ್ಕೊಂಡೆ ಕಣೋ. ಮನಸಿಟ್ಟು ಕೇಳ್ಕೊಂಡೆ."

ಇಬ್ಬರೂ ಕಿಟಕಿಯಾಚೆ ನೋಡಿದರು. ಆಕಾಶ ತೊಳೆದ ಪಿಂಗಾಣಿಯಂತಿತ್ತು.

"ಬೇರೆಯವರೂ ಏನೋ ಕೇಳ್ಕೊಂಡಿರ್ತಾರೆ," ಎಂದ ಥ್ರಿಪ್.

ಹೋದ ಬೇಸಗೆಯ ಬಿಳಿ ಪ್ಯಾಂಟು ಈಗ ಕೋಲ್‌ಗ್ರೇವ್‌ಗೆ ಹಿಡಿಸುತ್ತಿರಲಿಲ್ಲ. ಸೊಂಟದ ಗುಂಡಿ ಕೂಡಿಸಲು ಥ್ರಿಪ್ ಮೊಣಕಾಲೂರಿ ಎಳೆಯಬೇಕಾಯಿತು. "ಬೆಳೀತಾನೇ ಇದೀಯಲ್ಲೋ," ಎಂದು ಗೊಣಗಿದ. ಮೊಗಸಾಲೆಯಲ್ಲಿ ಚಿಕ್ಕ ತರಗತಿಯವರ ಗುಂಪೊಂದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟಿತು. ಇವರು ತಿರುವು ದಾಟಿದ ಮೇಲೆ ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು.

"ನಗ್ತಿದಾರೆ," ಎಂದ ಕೋಲ್‌ಗ್ರೇವ್.

"ನಗಲಿ ಬಿಡು. ಅವರಿಗೆ ಬೇರೇನಿದೆ, ದಿನಾ ಬೇಯಿಸಿದ ಎಲೆಕೋಸು."

"ಒಂದು ರನ್ ಸಾಕು, ಥ್ರಿಪ್. ಒಂದೇ ಒಂದು."

ಅವನು ಅತಿಯಾಸೆಯಿಂದ ಹೇಳಿದ್ದಲ್ಲ. ಈ ಮೈದಾನದಲ್ಲಿ ಕೋಲ್‌ಗ್ರೇವ್ ಇದುವರೆಗೆ ಒಂದು ರನ್ನೂ ಮಾಡಿದವನಲ್ಲ. ಪ್ರತಿ ಬೇಸಗೆಯೂ ಮೊದಲ ಚೆಂಡಿಗೇ ಔಟ್. ಪ್ರತಿ ಬೇಸಗೆಯೂ ಇಡೀ ಶಾಲೆಯ ಎದುರು, ತಲೆ ತಗ್ಗಿಸಿ, ಆ ಹುಲ್ಲಿನ ಮೇಲೆ ಉದ್ದಕ್ಕೂ ನಡೆದು ವಾಪಸು ಬಂದಿದ್ದ. ಇನ್ನೊಂದು ಸಲ ಹಾಗೆ ನಡೆಯುವುದಕ್ಕಿಂತ ಹರಳೆಣ್ಣೆಯೇ ಮೇಲಿತ್ತೇನೋ ಎಂದು ಈಗ ಅನ್ನಿಸತೊಡಗಿತು.

ಆಟ ಆರಂಭಿಸಬೇಕಾದವರು ಅವರಿಬ್ಬರೇ. ಇಬ್ಬರೂ ಇಳಿದಾಗ ಮೈದಾನದ ಸುತ್ತ ಚಪ್ಪಾಳೆ ಎದ್ದಿತು. ಒರಗು ಕುರ್ಚಿಗಳಲ್ಲಿದ್ದ ತಾಯಂದಿರು ಕೋಲ್‌ಗ್ರೇವ್‌ನತ್ತ ನೋಡಿ ನಗುನಗುತ್ತಾ ಕೈಬೀಸಿದರು. ಅವನೂ ನಗಲು ನೋಡಿದ. ದವಡೆ ಬಿಚ್ಚಿಕೊಳ್ಳಲಿಲ್ಲ.

"ಆಡು ನೀನೇ ಮೊದಲು," ಎಂದು ಥ್ರಿಪ್ ಆ ತುದಿಗೆ ಜಾರಿಕೊಂಡ. "ಹಿರಿಯರಿಗೆ ಮರ್ಯಾದೆ ಕೊಡ್ಬೇಕು."

"ನಾನು ನಿನಗಿಂತ ಎರಡು ವಾರ ದೊಡ್ಡವನು ಅಷ್ಟೇ ಕಣೋ."

"ಅದಕ್ಕೇ ಹೇಳಿದ್ದು."

ಸ್ಟ್ರೌಡ್ ಚೆಂಡನ್ನು ತೊಡೆಗೆ ಉಜ್ಜಿಕೊಂಡ. ಓಡಿ ಬರುವ ಗುರುತನ್ನು ಹಿಂದಕ್ಕೆ ಸರಿಸಿದ. ಒಂದು ಕ್ಷಣ ನಿಂತು ನೋಡಿ, ಇನ್ನೂ ಹಿಂದಕ್ಕೆ ಸರಿಸಿದ. ಕೋಲ್‌ಗ್ರೇವ್ ಪ್ಯಾಡಿನ ಬಕ್ಕಲುಗಳನ್ನು ಇನ್ನೊಮ್ಮೆ ಬಿಗಿದ. ಬ್ಯಾಟು ನೆಲಕ್ಕೆ ಊರಿ, ಬಾಯಿಗೆ ಬಂದ ಕೀರ್ತನೆಯ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡ. ಅರ್ಧಕ್ಕೆ ಮರೆತುಹೋಯಿತು.

ಸ್ಟ್ರೌಡ್ ಓಡಿಬಂದ.

ಇಂಥ ಹೊತ್ತಿನಲ್ಲಿ ಕೋಲ್‌ಗ್ರೇವ್ ಕಣ್ಣು ಮುಚ್ಚಿಬಿಡುತ್ತಿದ್ದ. ಇವತ್ತು ಸರಿಯಾಗಿ ಆಗಲೇ ಒಂದು ಜೇನುನೊಣ ಮೂಗಿನ ಮುಂದೆ ಸುಳಿಯಿತು. ಮುಚ್ಚಬೇಕಾದ ಕಣ್ಣು ತೆರೆದೇ ಉಳಿಯಿತು. ಜೀವನದಲ್ಲಿ ಮೊದಲ ಸಲ ಅವನು ಚೆಂಡು ಬರುವುದನ್ನು ನೋಡಿದ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಡಲು ಹೊರಟವರ ಹಾಗೆ, ಅದು ನಿಧಾನವಾಗಿ, ಮೇಲೆ ತೇಲಿಕೊಂಡು ಬರುತ್ತಿತ್ತು.

ಅವನು ಬ್ಯಾಟು ಚಾಚಿದ. ಟಕ್.

"ಓಡೋ," ಎಂದು ಥ್ರಿಪ್ ಆ ತುದಿಯಿಂದ ಕೂಗಿದ.

ಕೋಲ್‌ಗ್ರೇವ್ ಓಡಿದ. ಚೆಂಡಿನ ಹತ್ತಿರವಿದ್ದವನು ಸರಿಯಾಗಿ ಆಗಲೇ ಶೂ ಲೇಸು ಕಟ್ಟಲು ಬಾಗಿದ. ಅವನಾಚೆ ನಿಂತಿದ್ದವನು ಮೋಡವೇ ಇಲ್ಲದ ಆಕಾಶವನ್ನು ನೋಡುತ್ತಿದ್ದ. ನಡುವಿನಲ್ಲಿ ಪ್ಯಾಂಟಿನ ಗುಂಡಿ ಕಿತ್ತು ಹಾರಿತು. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದರಲ್ಲಿ ಸೊಂಟ ಹಿಡಿದು ಕೋಲ್‌ಗ್ರೇವ್ ಆ ತುದಿ ಮುಟ್ಟಿದ.

ಮೈದಾನ ಬಿರಿಯುವಂತೆ ಕೂಗೆದ್ದಿತು. ಟೋಪಿಗಳು ಹಾರಿದವು. ಚಿಕ್ಕ ತರಗತಿಯವರು ಒಬ್ಬರನ್ನೊಬ್ಬರು ತಬ್ಬಿ ಕುಣಿದರು. ಮೇಟ್ರನ್ ಕೂಡ ಎದ್ದು ನಿಂತಿದ್ದರು. ತನ್ನ ಒಂದು ರನ್ನಿಗೆ ಇಷ್ಟೊಂದು ಸಂತೋಷವೇ ಎಂದು ಕೋಲ್‌ಗ್ರೇವ್ ಬ್ಯಾಟೆತ್ತಿ ತೋರಿಸಿದ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಸ್ಟ್ರೌಡ್ ಎದುರಿಗೆ ಬಂದು ನಿಂತಿದ್ದ.

ಹನ್ನೊಂದು ವರ್ಷದ ಸ್ಟ್ರೌಡ್ ಟೋಪಿ ತೆಗೆದು, ಕತ್ತೆತ್ತಿ, ಬಹಳ ವಿನಯದಿಂದ ಕೇಳಿದ: "ಪ್ರತಿ ವರ್ಷ ನಮ್ಮವರು ಮೆತ್ತಗೇ ಹಾಕ್ತಾರೆ ಸರ್, ನಿಮಗೇ ಚೆಂಡು ಸಿಕ್ತಿರ್ಲಿಲ್ಲ. ಮೇಷ್ಟ್ರುಗಳ ಜೊತೆಗಿನ ಪಂದ್ಯದಲ್ಲಿ ಹೆಡ್‌ಮಾಸ್ಟರ್ ಒಂದು ರನ್ ಮಾಡಿದ್ರೆ ಶಾಲೆಗೆಲ್ಲ ಅರ್ಧ ದಿನ ರಜಾ ಅನ್ನೋ ಪದ್ಧತಿ ಈಗಲೂ ಇದೆ ತಾನೇ?"