ಬ್ಯಾರೆ ಸಂಬಂಧ

ಗರ್ಭಕೋಶದ ಬಾಯಿಯಲ್ಲಿ ಬದಲಾವಣೆ ಶುರುವಾಗಿದೆ, ಹಾಗೇ ಬಿಟ್ಟರೆ ಕ್ಯಾನ್ಸರ್ ಆದೀತು ಎಂದ ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಮದುವಿಗಿಂತ ಮೊದಲ ಬ್ಯಾರೆ ಸಂಬಂಧ ಇದ್ವೇನವ್ವಾ?"

"ಎರಡು ಇದ್ವರಿ," ಎಂದಳು ನೀಲವ್ವ.

ಪರದೆಯಾಚೆ ಕುಳಿತಿದ್ದ ಗಂಡ ದಡಕ್ಕನೆ ಎದ್ದ. ಪರದೆಯ ಅಂಚನ್ನು ಹಿಡಿದ ಅವನ ಮುಷ್ಟಿ ಕಂಡು ನೀಲವ್ವನಿಗೆ ಕ್ಯಾನ್ಸರಿನ ಮಾತು ಮರೆತೇಹೋಯಿತು.

"ನೋಡಾಕ ಬಂದಿದ್ದ ವರಗೋಳ್ರಿ. ಅಪ್ಪ ಒಪ್ಪಲಿಲ್ಲ," ಎಂದಳು.

"ಆ ಸಂಬಂಧ ಅಲ್ಲವ್ವಾ. ಇದು ಕೂಡಿ ಮಲಗಿದವರಿಂದ ಅಂಟೋ ವೈರಸ್‌ನಿಂದ ಬರ್ತದ."

"ದೇವರಾಣಿ, ನಮ್ಮನಿಯವರನ್ನ ಬಿಟ್ರ ಯಾರೂ ಇಲ್ರಿ."

"ಹಂಗಾದ್ರ ಅವರನ್ನ ಕೇಳೂಣು," ಎಂದು ಡಾಕ್ಟರಮ್ಮ ಪರದೆ ಸರಿಸಿದರು.

ಕುರ್ಚಿ ಖಾಲಿಯಿತ್ತು. ಹೊರಗೆ ಅವನ ಬೈಕು ಶುರುವಾದ ಸದ್ದು ಕೇಳಿತು.