ಹುಣಸೆಬೀಜದ ವೇಳಾಪಟ್ಟಿ

ಈಗಲೂ ಫೋನಿನಲ್ಲಿ ರೈಲಿನ ವೇಳೆ ನೋಡಲು ಕೂತರೆ ಎಲ್ಲಿಂದಲೋ ಹುಣಸೆಹಣ್ಣಿನ ವಾಸನೆ ಬಂದು ಮೂಗಿಗೆ ತಾಗುತ್ತದೆ.

ಆ ಮಧ್ಯಾಹ್ನ ರಾಯಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ನಾಗಪುರದ ದೀಕ್ಷಾಭೂಮಿಗೆ ಒಬ್ಬಳೇ ಹೋಗಿಬರುತ್ತೇನೆಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

“ಬೋರ್ಡ್ ಓದಾಕ ಬರೂದಿಲ್ಲ ನಿನಗ. ಎಲ್ಲಿ ಇಳಿತಿ ಬೇ?” ಎಂದ ಅವಳ ಮಗ, ನನ್ನ ಕಾಕಾ.

ಆಯಿ ಅವನ ಕಡೆ ನೋಡಲೂ ಇಲ್ಲ. “ಟೈಮ್‌ಟೇಬಲ್ ಪುಸ್ತಕ ತಗೊಂಬಾ ತಂಗಿ,” ಎಂದಳು ನನಗೆ. “ಗಾಡಿ ನಿಂದ್ರೂ ಊರಷ್ಟ ಓದು.”

ನಾನು ಓದಿದೆ: ಚಿಂಚಲಿ, ಕುಡಚಿ, ಉಗಾರ, ಶೇಡಬಾಳ... ಒಂದೊಂದು ಹೆಸರಿಗೂ ಅಂಟಂಟು ಬೀಜವೊಂದನ್ನು ಸೆರಗಿಗೆ ಒರೆಸಿ ಸಾಲಾಗಿ ಇಟ್ಟಳು. ಮಿರಜದಲ್ಲಿ ಗಾಡಿ ಬದಲಿಸಬೇಕು. ಅಲ್ಲಿಯವರೆಗಿನವನ್ನು ಎಲೆಅಡಿಕೆ ಚೀಲದ ಒಂದು ಖಾನೆಗೂ, ನಾಗಪುರದವರೆಗಿನವನ್ನು ಇನ್ನೊಂದಕ್ಕೂ ತುಂಬಿದಳು.

“ಊರು ಬಂದಂಗ ಒಂದೊಂದ ತಗದು ಸೆರಗಿನ್ಯಾಗ ಕಟ್ಟತೀನಿ, ಖಾನೆಗೊಂದು ಗಂಟು. ಖಾನೆ ಖಾಲಿ ಆದ್ರ ಇಳಿಯೂದು.”

“ನಡುವ ಸಿಗ್ನಲ್‌ಗೆ ನಿಂತ್ರ?” ಕಾಕಾ ಬಿಡಲಿಲ್ಲ.

“ಚಾ ಮಾರಾಂವ ಬರಲಿಲ್ಲಂದ್ರ ಅದು ಊರಲ್ಲ.”

ನಾನು ಪುಟ ತಿರುವಿದೆ. “ಬರೂ ದಾರೀದು ಓದ್ಲ್ಯಾ, ಆಯಿ?”

“ಅದನ್ನೇನ ಓದತಿ. ಇವನ್ನ ತಿರುಗಿ ಚೀಲಕ್ಕ ಹಾಕ್ಕೋತ ಬರ್ತೀನಿ.”

ಕಾಕಾ ಬಗ್ಗಿ, ಬಾಗಿಲ ಕಡೆಗೆ ಉರುಳಿಹೋಗಿದ್ದ ಬೀಜವೊಂದನ್ನು ಹುಡುಕಿ ತಂದು ಅವಳ ಅಂಗೈಯಲ್ಲಿಟ್ಟ.

“ಶೇಡಬಾಳ ಬಿದ್ದಿತ್ತ ನೋಡು,” ಎಂದ.